ರೈಲಿಳಿದ ಮೇಲಿನ ಹಸಿವು

ಬೆಂಗಳೂರಿನಿಂದ ಹೊರಟ ಸಂಜೆ ರೈಲು ಮಾಲೂರು, ಟೇಕಲ್ ದಾಟಿ ಬಂಗಾರಪೇಟೆ ಹತ್ತಿರ ಬರುವ ಹೊತ್ತಿಗೆ ನಮ್ಮ ಬೋಗಿಯಲ್ಲಿ ಒಂದೇ ಮಾತು. ಏನಾದರೂ ತಿನ್ನಬೇಕು. ಕತ್ತಲಿರುವಾಗಲೇ ಎದ್ದು ಹೊರಟವರು, ಮಧ್ಯಾಹ್ನ ತಣ್ಣಗಾದ ಚಿತ್ರಾನ್ನ ತಿಂದವರು, ಆಮೇಲೆ ಬರೀ ಟೀಯಲ್ಲಿ ದಿನ ತಳ್ಳಿದವರು. ಸ್ಟೇಷನ್ನಿನಿಂದ ಹೊರಗೆ ಬಂದರೆ ಪಾನಿಪೂರಿ. ನಮ್ಮೂರ ಪಾನಿಪೂರಿ ಗೊತ್ತಲ್ವಾ? ನೀರಿಗೆ ಬಣ್ಣವೇ ಇರುವುದಿಲ್ಲ. ನೋಡಿದರೆ ಬೋರ್‌ವೆಲ್ ನೀರು, ಬಾಯಿಗಿಟ್ಟರೆ ಖಾರ ನೆತ್ತಿಗೇರುತ್ತದೆ. ಅದನ್ನು ದಾಟಿದರೆ ಬೇಕರಿ. ಅಲ್ಲಿ ಆಗಷ್ಟೇ ತೆಗೆದ ಖಾರಾ ಬನ್ನಿನ ವಾಸನೆ.

ಆಫೀಸಿನಲ್ಲಿ ದಿನ ಚೆನ್ನಾಗಿ ಕಳೆದಿದ್ದರೆ ನಾನು ಸೀದಾ ಮನೆಗೆ ಹೋಗುತ್ತೇನೆ. ಯಾರಾದರೂ ಎಲ್ಲರೆದುರಿಗೆ ಬೈದಿದ್ದರೆ, ಲೆಕ್ಕ ಹೊಂದದೆ ತಲೆ ಕೆಟ್ಟಿದ್ದರೆ, ಮಗನ ಶಾಲೆಯಿಂದ ಫೋನ್ ಬಂದಿದ್ದರೆ, ಕಾಲು ತಾನಾಗಿಯೇ ಬೇಕರಿ ಕಡೆ ತಿರುಗುತ್ತದೆ. ಎರಡೂ ದಿನ ತಿಂದಿರುವುದು ಅದೇ ಚಿತ್ರಾನ್ನ, ಕಳೆದಿರುವುದು ಅಷ್ಟೇ ಹೊತ್ತು. ಹಾಗಿದ್ದ ಮೇಲೆ ಈ ಹಸಿವಿನಲ್ಲಿ ಹೊಟ್ಟೆಯ ಪಾಲು ಎಷ್ಟು, ಉಳಿದದ್ದರ ಪಾಲು ಎಷ್ಟು? ಬಹಳ ದಿನದಿಂದ ಇದರ ಬಗ್ಗೆ ಬರೆಯಬೇಕು ಅಂದುಕೊಂಡಿದ್ದೆ.

ಬೇಜಾರಾದಾಗ ತಿನ್ನುವುದು ಒಂದು ಕಾಯಿಲೆ ಅನ್ನುವ ಹಾಗೆ ಈಗ ಎಲ್ಲರೂ ಮಾತಾಡುತ್ತಾರೆ. ಮೊಬೈಲ್ ತೆಗೆದರೆ ಸಾಕು, ಯಾರೋ ಒಬ್ಬರು ಬಿಳಿ ಗೋಡೆಯ ಮುಂದೆ ನಿಂತು, ಊಟ ಅಂದರೆ ದೇಹಕ್ಕೆ ಇಂಧನ ಅಷ್ಟೇ, ಅದಕ್ಕೆ ಭಾವನೆ ಬೆರೆಸಬೇಡಿ ಅಂತಾರೆ. ನನಗೆ ನಗು ಬರುತ್ತದೆ. ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಹೋದವರಿಗೆ ಏನಿಷ್ಟವೋ ಅದನ್ನೇ ಇಡುತ್ತೇವೆ. ಅಜ್ಜಿಗೆ ಕಜ್ಜಾಯ, ಎಲೆ ಅಡಿಕೆ. ತಾತನಿಗೆ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಸತ್ತವರಿಗೂ ಇಷ್ಟ ನೋಡಿ ಬಡಿಸುವ ಜನ ನಾವು, ಭಾವನೆ ಬೆರೆಸಬೇಡಿ ಅಂದರೆ ಹೇಗೆ? ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು, ನೆಂಟರು ಅನ್ನ ಸಾರು ತರುತ್ತಾರೆ. ಬೇಡ ಅಂದರೂ ಬಿಡುವುದಿಲ್ಲ, ಪಕ್ಕದಲ್ಲಿ ಕೂತು "ಎರಡು ತುತ್ತು ತಿನ್ನಮ್ಮಾ" ಅಂತ ಕೈಗೆ ಕೊಡುತ್ತಾರೆ. ಮಗು ಬಿದ್ದು ಅತ್ತರೆ ಬೆಲ್ಲ. ಪಾಸಾದರೆ ಮೈಸೂರು ಪಾಕ್. ಮದುವೆ ಮುಗಿದರೆ ಬೀಗರೂಟ.

ಆದರೆ ಇವುಗಳಲ್ಲಿ ಒಂದು ವಿಷಯ ಗಮನಿಸಿ. ಇವೆಲ್ಲ ನಾಲ್ಕು ಜನರ ನಡುವೆ ನಡೆಯುವ ಊಟ. ಶುರುವಾಗಲು ಒಂದು ಹೊತ್ತಿದೆ, ಮುಗಿಯಲು ಒಂದು ಹೊತ್ತಿದೆ. ಪಂಕ್ತಿ ಎದ್ದರೆ ಎಲೆ ಎತ್ತುತ್ತಾರೆ, ಅಲ್ಲಿಗೆ ಆಯಿತು. ತಿಥಿಯ ದಿನ ಎರಡು ವಡೆ ಜಾಸ್ತಿ ತಿಂದೆ ಅಂತ ಯಾರೂ ರಾತ್ರಿ ನಿದ್ದೆಗೆಡುವುದಿಲ್ಲ. ನಾನು ಹೇಳಹೊರಟಿರುವುದು ಬೇರೆ ಥರದ ತಿನ್ನುವಿಕೆ. ಅದಕ್ಕೆ ಹೊತ್ತಿಲ್ಲ, ಜೊತೆ ಇಲ್ಲ, ತಟ್ಟೆಯೂ ಇಲ್ಲ.

ಅಪ್ಪ ತೀರಿಕೊಂಡ ವರ್ಷದಿಂದ ನನಗೆ ರಾತ್ರಿ ಅಡುಗೆಮನೆಗೆ ಹೋಗುವ ಅಭ್ಯಾಸ ಬಂತು. ಎಲ್ಲರೂ ಮಲಗಿದ ಮೇಲೆ. ನಮ್ಮ ಮನೆಯ ನಿಪ್ಪಟ್ಟಿನ ಡಬ್ಬಿ ಸ್ಟೀಲಿನದು, ಮುಚ್ಚಳ ಬಿಗಿ, ತೆಗೆದರೆ ಟಪ್ ಅಂತ ಸದ್ದಾಗುತ್ತದೆ. ಅಮ್ಮ ಹಾಲಿನಲ್ಲಿ ಮಲಗಿರುತ್ತಾಳೆ. ಅವಳಿಗೆ ಕೇಳಬಾರದು ಅಂತ ಡಬ್ಬಿಯನ್ನು ವೇಲಿನಲ್ಲಿ ಸುತ್ತಿ, ಹೊಟ್ಟೆಗೆ ಒತ್ತಿ ಹಿಡಿದು ಮುಚ್ಚಳ ತೆಗೆಯಬೇಕು. ಕಚ್ಚಿದರೂ ಸದ್ದೇ. ಅದಕ್ಕೆ ಒಂದು ಚೂರನ್ನು ಬಾಯಲ್ಲಿಟ್ಟು ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಮೆತ್ತಗಾದ ಮೇಲೆ ಅಗಿಯಬೇಕು. ನೆನೆದ ನಿಪ್ಪಟ್ಟಿಗೆ ರುಚಿ ಎಲ್ಲಿಂದ ಬರಬೇಕು? ಕರುಮ್ ಅನ್ನದಿದ್ದರೆ ಅದು ನಿಪ್ಪಟ್ಟೇ ಅಲ್ಲ. ಆದರೂ ಎರಡನೆಯದು, ಮೂರನೆಯದು. ಫ್ರಿಜ್ಜಿನ ಬಾಗಿಲು ಅರ್ಧ ತೆಗೆದಿಟ್ಟು ಆ ಬೆಳಕಿನಲ್ಲೇ ನಿಂತು ತಿನ್ನುವುದು. ಬೆಳಿಗ್ಗೆ ತಿಂಡಿ ಬಿಟ್ಟು ಲೆಕ್ಕ ಸರಿ ಮಾಡುವುದು. ತಿಂಡಿ ಬಿಟ್ಟರೆ ಸಂಜೆ ರೈಲಿಳಿಯುವಾಗ ಕೈಕಾಲು ನಡುಗುವಷ್ಟು ಹಸಿವು. ಮತ್ತೆ ಬೇಕರಿ, ಮತ್ತೆ ಬೇಜಾರು, ಮತ್ತೆ ರಾತ್ರಿ ಡಬ್ಬಿ.

ಇದಕ್ಕೆ ಎಲ್ಲರೂ ಹೇಳಿದ ಮದ್ದು ಡಯಟ್ಟು. ಆಫೀಸಿನಲ್ಲಿ ಒಬ್ಬರು ಅನ್ನ ಬಿಡು ಅಂದರು. ಇನ್ನೊಬ್ಬರು ರಾತ್ರಿ ಬರೀ ಹಣ್ಣು ತಿನ್ನು ಅಂದರು. ರೈಲಿನಲ್ಲಿ ಪಕ್ಕ ಕೂರುವ ಗೆಳತಿ ಶ್ರಾವಣ ಶನಿವಾರದ ಒಪ್ಪತ್ತನ್ನು ವರ್ಷವಿಡೀ ಮಾಡಲು ಹೊರಟಳು. ಶ್ರಾವಣದ ಒಪ್ಪತ್ತಿಗೆ ಒಂದು ಮುಕ್ತಾಯ ಇದೆ. ಮನೆಮಂದಿಯೆಲ್ಲ ಜೊತೆಗೆ ಮಾಡುತ್ತಾರೆ, ತಿಂಗಳು ಕಳೆದರೆ ಮುಗಿಯುತ್ತದೆ, ಕೊನೆಗೆ ಪಾಯಸ ಉಂಟು. ತೂಕ ಇಳಿಸುವ ಒಪ್ಪತ್ತಿಗೆ ಅದೇನೂ ಇಲ್ಲ. ನಾನೂ ಒಂದಷ್ಟು ದಿನ ಅನ್ನ, ಸಕ್ಕರೆ, ಬೇಕರಿ ಎಲ್ಲ ಬಂದ್ ಮಾಡಿದ್ದೆ. ಆ ದಿನಗಳಲ್ಲಿ ಊಟದ ಬಗ್ಗೆ ಯೋಚಿಸಿದಷ್ಟು ಜೀವನದಲ್ಲಿ ಇನ್ಯಾವಾಗಲೂ ಯೋಚಿಸಿಲ್ಲ. ರೈಲಿನಲ್ಲಿ ಕೂತು ಅಡುಗೆ ವಿಡಿಯೋ ನೋಡುವುದೇ ಕೆಲಸವಾಗಿತ್ತು.

ಆಮೇಲೆ ಒಂದು ಹಳೆಯ ಪ್ರಯೋಗದ ಬಗ್ಗೆ ಓದಿದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಗಂಡಸರನ್ನು 24 ವಾರ ಅರೆಹೊಟ್ಟೆಯಲ್ಲಿ ಇಟ್ಟರು. ಎಲ್ಲರೂ ಆರೋಗ್ಯವಂತರು, ಒಪ್ಪಿಕೊಂಡೇ ಬಂದವರು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ. ಆ ಗಂಡಸರು ಅಡುಗೆ ಪುಸ್ತಕ ಓದಲು ಶುರು ಮಾಡಿದರು. ಕನಸಿನಲ್ಲೂ ಊಟ, ಮಾತಿನಲ್ಲೂ ಊಟ, ತಟ್ಟೆ ನೆಕ್ಕುವುದು, ಒಂದು ಊಟವನ್ನು ಗಂಟೆಗಟ್ಟಲೆ ಎಳೆಯುವುದು. ಪ್ರಯೋಗ ಮುಗಿದು ಬೇಕಾದಷ್ಟು ಊಟ ಸಿಕ್ಕ ಮೇಲೂ ಕೆಲವರಿಗೆ ಎಷ್ಟು ತಿಂದರೂ ತೃಪ್ತಿ ಆಗಲಿಲ್ಲ. ರೈಲಿನಲ್ಲಿ ಕೂತು ಅಡುಗೆ ವಿಡಿಯೋ ನೋಡುತ್ತಿದ್ದ ನನಗೆ ಇದನ್ನು ಓದಿ ಒಂಥರಾ ಸಮಾಧಾನ ಆಯಿತು. ಮನಸ್ಸು ಗಟ್ಟಿ ಇಲ್ಲ ಅಂತ ನಮ್ಮನ್ನು ನಾವೇ ಬೈದುಕೊಳ್ಳುತ್ತೇವಲ್ಲ, ಅರೆಹೊಟ್ಟೆಯಲ್ಲಿರುವ ಮನಸ್ಸು ಮಾಡುವ ಕೆಲಸವೇ ಅದು.

ಇನ್ನೊಂದು ಪ್ರಯೋಗ 1975ರದು. ಹರ್ಮನ್ ಮತ್ತು ಮ್ಯಾಕ್ ಅನ್ನುವವರು ಮಾಡಿದ್ದು. ಕಾಲೇಜು ಹುಡುಗಿಯರಲ್ಲಿ ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಕೆಲವರಿಗೆ ಏನೂ ಕೊಡದೆ, ಆಮೇಲೆ ಎಲ್ಲರ ಮುಂದೆ ಐಸ್‌ಕ್ರೀಂ ಇಟ್ಟು ರುಚಿ ನೋಡಿ ಹೇಳಿ ಅಂದರು. ನಿಜಕ್ಕೂ ನೋಡುತ್ತಿದ್ದದ್ದು ಯಾರು ಎಷ್ಟು ತಿನ್ನುತ್ತಾರೆ ಅಂತ. ಡಯಟ್ಟಿನ ಗೊಡವೆ ಇಲ್ಲದವರು ಮಿಲ್ಕ್‌ಶೇಕ್ ಕುಡಿದಿದ್ದರೆ ಐಸ್‌ಕ್ರೀಂ ಕಡಿಮೆ ತಿಂದರು, ಹೊಟ್ಟೆ ತುಂಬಿತ್ತಲ್ಲ. ಸದಾ ತೂಕದ ಚಿಂತೆಯಲ್ಲಿ ಬಾಯಿ ಕಟ್ಟಿದವರು ಮಾತ್ರ ಉಲ್ಟಾ. ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮನ್ನೂ ಜಾಸ್ತಿ ತಿಂದರು. ಇವತ್ತಿನ ಡಯಟ್ಟು ಹೇಗೂ ಕೆಟ್ಟಿತು, ಮುಳುಗಿದವರಿಗೆ ಚಳಿ ಏನು ಮಳೆ ಏನು! ಒಂದು ಬಿಸ್ಕೆಟ್ಟಿನಿಂದ ಶುರುವಾಗಿ ಪ್ಯಾಕೆಟ್ಟು ಖಾಲಿಯಾಗುವುದು ಹೀಗೇ.

ನಮ್ಮ ಹೆಂಗಸರ ಪಾಡಂತೂ ಇನ್ನೂ ತಮಾಷೆ. ಮದುವೆ ಮನೆಯಲ್ಲಿ ದೊಡ್ಡಮ್ಮ ಗಲ್ಲ ಹಿಡಿದು "ಏನೇ, ಇಷ್ಟೊಂದು ದಪ್ಪ ಆಗಿದೀಯ?" ಅಂತ ಹತ್ತು ಜನರ ಮುಂದೆ ಕೇಳುತ್ತಾರೆ. ಅರ್ಧ ಗಂಟೆ ಬಿಟ್ಟು ಊಟಕ್ಕೆ ಕೂತಾಗ ಅದೇ ದೊಡ್ಡಮ್ಮ ಬಡಿಸುವವರನ್ನು ಕರೆದು "ಇವಳಿಗೆ ಇನ್ನೊಂದು ಒಬ್ಬಟ್ಟು ಹಾಕಪ್ಪ, ಏನೂ ತಿನ್ನಲ್ಲ ಇದು" ಅಂತಾರೆ. ಎರಡೂ ಪ್ರೀತಿಯೇ. ಮನೆಗೆ ಬಂದರೆ ಮಗ ತಟ್ಟೆಯಲ್ಲಿ ಬಿಟ್ಟಿದ್ದು, ಪಾತ್ರೆಯ ತಳದಲ್ಲಿ ಉಳಿದದ್ದು ಎಲ್ಲ ನಮ್ಮ ಹೊಟ್ಟೆಗೆ. ಅನ್ನ ಚೆಲ್ಲಬಾರದು ನೋಡಿ. ಆ ಮಾತನ್ನು ಗಂಡಸರಿಗೆ ಯಾರೂ ಯಾಕೆ ಹೇಳುವುದಿಲ್ಲ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಸರಿ, ಏನು ಬದಲಾಯಿತು? ಮೊದಲಿಗೆ ಬೆಳಗಿನ ತಿಂಡಿ ಬಿಡುವುದನ್ನು ನಿಲ್ಲಿಸಿದೆ. ರಾತ್ರಿ ಎಷ್ಟೇ ತಿಂದಿರಲಿ, ಬೆಳಿಗ್ಗೆ ತಿಂಡಿ ಆಗಲೇಬೇಕು. ಸಂಜೆ ನಾಲ್ಕೂವರೆಗೆ ಅಂತ ಒಂದು ಸಣ್ಣ ಡಬ್ಬಿ ಬ್ಯಾಗಿಗೆ ಬಂತು. ಬೇಯಿಸಿದ ಕಡಲೆಕಾಯಿ, ಇಲ್ಲವೇ ಹೆಸರುಕಾಳಿನ ಉಸಲಿ. ಇಷ್ಟರಿಂದಲೇ ರೈಲಿಳಿಯುವಾಗಿನ ಆ ನಡುಕ ಹೋಯಿತು. ಭಾವನೆ, ಮನಸ್ಸು ಅಂತ ನಾನು ಅಂದುಕೊಂಡಿದ್ದರಲ್ಲಿ ಒಳ್ಳೆಯ ಪಾಲು ಬರೀ ಹಸಿವಾಗಿತ್ತು.

ಇನ್ನೊಂದು ಪಾಲು ನಿದ್ದೆ. ಬೆಳಗಿನ ರೈಲು ಹಿಡಿಯುವವರ ನಿದ್ದೆಯ ಕಥೆ ಕೇಳಬೇಡಿ. 2004ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದವರು 12 ಜನ ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟು ರಕ್ತ ಪರೀಕ್ಷೆ ಮಾಡಿದ್ದರು. ಹಸಿವು ಹೆಚ್ಚಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಏರಿತ್ತು, ಸಾಕು ಅನ್ನಿಸುವ ಲೆಪ್ಟಿನ್ ಇಳಿದಿತ್ತು. ಆಸೆ ಹೆಚ್ಚಿದ್ದು ಸಿಹಿ, ಉಪ್ಪಿನ ಕುರುಕಲು ತಿಂಡಿಗಳ ಮೇಲೆ. ಅದರ ಮೇಲೆ ಆಫೀಸಿನ ಟೆನ್ಷನ್ನು. ಟೆನ್ಷನ್ನಿನಲ್ಲಿ ಏರುವ ಕಾರ್ಟಿಸಾಲ್ ಅನ್ನುವ ಹಾರ್ಮೋನು ಕೂಡ ಜಿಡ್ಡು, ಸಿಹಿಯ ಕಡೆಗೇ ಎಳೆಯುತ್ತದೆ. ಅರ್ಧ ನಿದ್ದೆ ಮಾಡಿದವಳಿಗೆ ಸಂಜೆ ಸೌತೆಕಾಯಿ ತಿನ್ನಬೇಕು ಅನ್ನಿಸದಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ? ಮಲಗುವಾಗ ಮೊಬೈಲನ್ನು ದೇವರ ಮನೆಯ ಕಿಟಕಿಯಲ್ಲಿಟ್ಟು ಬರುತ್ತೇನೆ ಈಗ. ದೇವರಿಗೇನೂ ಬೇಜಾರಿಲ್ಲ.

ಇಷ್ಟಾದ ಮೇಲೂ ಉಳಿಯುವ ಹಸಿವಿಗೆ ನಾನು ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಈಗ ಒಂದು ಮುದ್ದೆ, ಬೆರಕೆ ಸೊಪ್ಪಿನ ಮಸ್ಸೊಪ್ಪು ಕೊಟ್ಟರೆ ತಿನ್ನುತ್ತೀಯಾ? ಹೂಂ ಅಂತ ಬಂದರೆ ಅದು ಹೊಟ್ಟೆಯ ಹಸಿವು, ಸುಮ್ನೆ ಊಟಕ್ಕೆ ಕೂತುಬಿಡಬೇಕು. ಊಹೂಂ, ಖಾರಾ ಬನ್ನೇ ಬೇಕು ಅಂದರೆ ಬೇರೇನೋ ಇದೆ. ಆಗಲೂ ಬನ್ ತಿನ್ನಬಾರದು ಅಂತೇನಿಲ್ಲ. ಬನ್ನನ್ನು ಮನೆಗೆ ತಂದು, ತಟ್ಟೆಗೆ ಹಾಕಿ, ಕೂತು, ಎಲ್ಲರಿಗೂ ಕಾಣುವ ಹಾಗೆ ತಿನ್ನುತ್ತೇನೆ. ಕದ್ದು ತಿನ್ನುವುದು ನಿಂತ ಮೇಲೆ ಅರ್ಧಕ್ಕೇ ಸಾಕಾಗುವ ದಿನಗಳೂ ಬಂದವು. ಸಾಕಾಗದ ದಿನಗಳೂ ಇವೆ.

ಗಮನ ಇಟ್ಟು ತಿನ್ನಿ ಅನ್ನುವ ಪಾಠ ಈಗ ಎಲ್ಲ ಕಡೆ. ಜಾನ್ ಕಬಾಟ್ ಝಿನ್ ಅನ್ನುವವರು ಅಮೆರಿಕದಲ್ಲಿ ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ನಿಧಾನವಾಗಿ ಅಗಿದು ತಿನ್ನಿಸುವ ಅಭ್ಯಾಸ ಮಾಡಿಸುತ್ತಿದ್ದರು. ನಮ್ಮಲ್ಲಿ ಅದು ಒಂದೊಂದು ತುತ್ತನ್ನೂ ಮೂವತ್ತೆರಡು ಸಲ ಅಗಿಯಿರಿ ಅಂತ ಬಂದು ನಿಂತಿದೆ. ಹಾಗೆ ಹೇಳುವವರನ್ನು ಕರೆದು ಮುದ್ದೆ ಮುಂದೆ ಕೂರಿಸಬೇಕು! ಮುದ್ದೆ ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಅದನ್ನು ನುಂಗಬೇಕು. ಆದರೂ ಮುದ್ದೆ ಉಣ್ಣಲು ಗಮನ ಬೇಕೇ ಬೇಕು. ಬಿಸಿ ಬಿಸಿ ಮುದ್ದೆಯ ಅಂಚಿನಿಂದ ಒಂದು ತುತ್ತು ಮುರಿದು, ಬೆರಳಲ್ಲಿ ಉರುಟು ಮಾಡಿ, ಸಾರಿನಲ್ಲಿ ಹೊರಳಿಸಿ, ಗಂಟಲಿಗೆ ಇಳಿಯುವಷ್ಟೇ ದೊಡ್ಡದು ಮಾಡಬೇಕು. ಕೈಯೆಲ್ಲ ಸಾರು, ಮೊಬೈಲ್ ಮುಟ್ಟುವ ಹಾಗಿಲ್ಲ. ಟಿವಿ ನೋಡುತ್ತಾ ಚಿಪ್ಸ್ ಮುಗಿಸಬಹುದು, ಮುದ್ದೆ ಮುಗಿಸಲಾಗುವುದಿಲ್ಲ. ಡಯಟ್ಟಿನ ದಿನಗಳಲ್ಲಿ ಇದೇ ಮುದ್ದೆಗೆ ನಾನು ಹೆದರುತ್ತಿದ್ದೆ ಅಂತ ಈಗ ನಂಬುವುದೂ ಕಷ್ಟ.

ಇನ್ನು ಆ 'ಬೇರೇನೋ' ವಿಷಯಕ್ಕೆ ಬರುತ್ತೇನೆ. ನನ್ನದೇ ಒಂದು ಸಿದ್ಧಾಂತ ಇತ್ತು. ಅಪ್ಪ ಕೆಲಸ ಮುಗಿಸಿ ಬರುವಾಗ ಬೇಕರಿ ತಿಂಡಿ ತರುತ್ತಿದ್ದರು, ಅವರಿಲ್ಲದ ಜಾಗವನ್ನು ನಾನು ಖಾರಾ ಬನ್ನಿನಿಂದ ತುಂಬಿಸುತ್ತಿದ್ದೇನೆ ಅಂತ. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಡಿಸೆಂಬರಿನಲ್ಲಿ, ಅವರೆಕಾಯಿ ಕಾಲ, ಒಂದು ಭಾನುವಾರ ಸಂಜೆ ಅಮ್ಮ ನಾನು ಕಾಳು ಹಿದುಕುತ್ತಾ ಕೂತಿದ್ದೆವು. ಬೆಳಿಗ್ಗೆ ನೆನೆಹಾಕಿದ ಕಾಳು ಉಬ್ಬಿ ಸಿಪ್ಪೆ ಸಡಿಲವಾಗಿರುತ್ತದೆ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಒಮ್ಮೊಮ್ಮೆ ಎದುರಿಗೆ ಕೂತವರ ಮುಖಕ್ಕೆ. ಬೆರಳ ತುದಿ ಸುಕ್ಕಾಗುತ್ತದೆ, ಸೊಗಡು ಉಗುರೊಳಗೆ ಸೇರಿ ಮಾರನೇ ದಿನದ ತನಕ ಹೋಗುವುದಿಲ್ಲ. ಈ ಕೆಲಸ ಮಾಡುವಾಗ ಬಾಯಿಗೆ ಮಾತು ಬಿಟ್ಟು ಇನ್ನೇನೂ ಕೆಲಸವಿಲ್ಲ.

ನಾನೇ ಮಾತು ತೆಗೆದೆ. ಅಪ್ಪ ಹೋದ ಮೇಲೆ ಖಾರಾ ಬನ್ ಕಂಡರೆ ತಡೆಯೋಕೆ ಆಗಲ್ಲ, ಅವರು ತರುತ್ತಿದ್ದರಲ್ಲ, ಅದಕ್ಕೇ ಇರಬೇಕು ಅಂದೆ. ಅಮ್ಮ ಕಾಳಿನಿಂದ ಕಣ್ಣು ತೆಗೆಯಲಿಲ್ಲ. "ನಿಮ್ಮಪ್ಪ ಯಾವತ್ತೇ ತಂದಿದ್ರು ಖಾರಾ ಬನ್ನು? ಎದೆ ಉರಿ ಅಂತ ಅದನ್ನ ಮುಟ್ತಾನೇ ಇರ್ಲಿಲ್ಲ. ಅವರು ತರ್ತಿದ್ದಿದ್ದು ಬಾಳೆಹಣ್ಣು. ನೀವ್ಯಾರೂ ತಿಂತಿರ್ಲಿಲ್ಲ, ಕೊನೆಗೆ ನಾನೇ ರಸಾಯನ ಮಾಡ್ತಿದ್ದೆ," ಅಂದಳು.

ಅಲ್ಲಿಗೆ ಸಿದ್ಧಾಂತ ಬಿತ್ತು. ಯೋಚಿಸಿದರೆ ಅಮ್ಮನ ಮಾತೇ ಸರಿ, ಬೇಕರಿ ಇರುವುದು ನಾನು ಬರುವ ದಾರಿಯಲ್ಲಿ, ನಾನು ಬರುವ ಹೊತ್ತಿಗೆ ಬನ್ ಬಿಸಿ ಇರುತ್ತದೆ. 1986ರಲ್ಲಿ ನೆದರ್ಲೆಂಡ್ಸ್‌ನಲ್ಲಿ ತಾತ್ಯಾನಾ ವಾನ್ ಸ್ಟ್ರಿಯೆನ್ ಮತ್ತು ಜೊತೆಯವರು ತಿನ್ನುವ ಅಭ್ಯಾಸ ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು, ಇವತ್ತಿಗೂ ಸಂಶೋಧನೆಗಳಲ್ಲಿ ಅದನ್ನು ಬಳಸುತ್ತಾರೆ. ಅದರಲ್ಲಿ ಮೂರು ಥರ ಇದೆ. ಭಾವನೆಗೆ ತಿನ್ನುವುದು, ಬಾಯಿ ಕಟ್ಟಿ ತಿನ್ನುವುದು, ಇನ್ನೊಂದು ಕಣ್ಣಿಗೆ ಕಂಡಿತು, ಮೂಗಿಗೆ ಬಡಿಯಿತು ಅಂತ ತಿನ್ನುವುದು. ನನ್ನ ಬನ್ನು ಮೂರನೆಯ ಥರದ್ದು. ಅದಕ್ಕೆ ಅಪ್ಪನನ್ನು ಎಳೆದು ತರುವ ಅಗತ್ಯವೇ ಇರಲಿಲ್ಲ. ಈಗ ಹಿಂದಿನ ರಸ್ತೆಯಲ್ಲಿ ಮನೆಗೆ ಬರುತ್ತೇನೆ, ಐದು ನಿಮಿಷ ಜಾಸ್ತಿ, ಬೇಕರಿ ಇಲ್ಲ. ಇಷ್ಟು ಸುಲಭವಾಗಿ ಹೋಗುವ ಸಮಸ್ಯೆಗೆ ನಾನು ಎಂಥ ಕಥೆ ಕಟ್ಟಿದ್ದೆ ಅಂತ ನಗು ಬರುತ್ತದೆ.

ರಾತ್ರಿಯ ನಿಪ್ಪಟ್ಟು ಹಾಗಲ್ಲ. ಅದು ನಿಜಕ್ಕೂ ಅಪ್ಪನದೇ. ಅವತ್ತು ಬಾಳೆಹಣ್ಣಿನಿಂದ ಶುರುವಾದ ಮಾತು ಎಲ್ಲೆಲ್ಲಿಗೋ ಹೋಯಿತು. ಆಸ್ಪತ್ರೆಯ ಕೊನೆಯ ವಾರ, ಅಪ್ಪ ಕೇಳಿದ್ದ ಕಾಫಿಯನ್ನು ನಾವು ಕೊಡದೇ ಇದ್ದದ್ದು, ತಿಥಿಯ ದಿನ ಸಾಲದೆ ಹೋದ ಅನ್ನ. ಅಲ್ಲಿಯವರೆಗೆ ಇಬ್ಬರೂ ಒಂದೇ ಮನೆಯಲ್ಲಿದ್ದು ಇದ್ಯಾವುದನ್ನೂ ಆಡಿರಲಿಲ್ಲ. ಅಮ್ಮ ಬೇಜಾರಾಗುತ್ತಾಳೆ ಅಂತ ನಾನು, ನಾನು ಬೇಜಾರಾಗುತ್ತೇನೆ ಅಂತ ಅಮ್ಮ. ಕಾಳು ಮುಗಿಯುವಷ್ಟರಲ್ಲಿ ಇಬ್ಬರ ಮೂಗೂ ಕೆಂಪಾಗಿತ್ತು. ಆ ರಾತ್ರಿಯೂ ನಾನು ನಿಪ್ಪಟ್ಟು ತಿಂದೆ. ಡಬ್ಬಿಯನ್ನು ಹಾಲಿಗೇ ತಂದು, ಸದ್ದು ಮಾಡಿಕೊಂಡೇ ತೆಗೆದು, ಅಮ್ಮನಿಗೂ ಒಂದು ಕೊಟ್ಟೆ. "ಉಪ್ಪು ಜಾಸ್ತಿ ಆಗಿದೆ ಈ ಸಲ," ಅಂದಳು.

ಮಾತಾಡಿದರೆ ಎಲ್ಲರಿಗೂ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಕೆಲವರಿಗೆ ಇದು ನಿಪ್ಪಟ್ಟು, ಬನ್ನಿನ ಮಟ್ಟದಲ್ಲಿ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ವಿಪರೀತ ತಿನ್ನುವುದು, ನಿಲ್ಲಿಸಬೇಕೆಂದರೂ ಕೈ ನಿಲ್ಲದಿರುವುದು, ಹೊಟ್ಟೆ ನೋಯುವ ತನಕ ತಿಂದು ಆಮೇಲೆ ತನ್ನ ಮೇಲೆಯೇ ಅಸಹ್ಯ ಪಡುವುದು, ಇದು ವಾರಕ್ಕೊಮ್ಮೆಯಾದರೂ ಆಗುತ್ತಾ ಮೂರು ತಿಂಗಳು ನಡೆದಿದ್ದರೆ ವೈದ್ಯರು ಅದನ್ನು ಕಾಯಿಲೆ ಅಂತಲೇ ನೋಡುತ್ತಾರೆ. 2013ರಲ್ಲಿ ಬಂದ ಮಾನಸಿಕ ಕಾಯಿಲೆಗಳ ಅಮೆರಿಕನ್ ಕೈಪಿಡಿಯಲ್ಲಿ ಬಿಂಜ್ ಈಟಿಂಗ್ ಡಿಸಾರ್ಡರ್ ಅಂತ ಅದಕ್ಕೆ ಪ್ರತ್ಯೇಕ ಜಾಗವೇ ಇದೆ. ಅದಕ್ಕೆ ಚಿಕಿತ್ಸೆಯೂ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಸಕ್ಕರೆ ಕಾಯಿಲೆ ಇರುವವರು ನನ್ನ ಹಾಗೆ ಬೇಕಾದಾಗ ಬನ್ನು ತಟ್ಟೆಗೆ ಹಾಕಿಕೊಳ್ಳುವ ಮೊದಲು ತಮ್ಮ ಡಾಕ್ಟರನ್ನು ಕೇಳಬೇಕು, ಅವರ ಲೆಕ್ಕ ಬೇರೆ.

ಇನ್ನು, ಇದನ್ನು ಓದಿದವರು ಮೊದಲು ಕೇಳುವುದು ತೂಕ ಎಷ್ಟು ಇಳಿಯಿತು ಅಂತ. ಹೆಚ್ಚೇನೂ ಇಳಿದಿಲ್ಲ. ಬಟ್ಟೆಗಳೆಲ್ಲ ಅವೇ. ಮೆಷಿನ್ ಮೇಲೆ ದಿನಾ ನಿಲ್ಲುವುದನ್ನು ಬಿಟ್ಟಿದ್ದೇನೆ, ಅದು ಈಗ ಮಗನಿಗೆ ಸ್ಕೂಲ್ ಬ್ಯಾಗು ತೂಗಲು ಬಳಕೆಯಾಗುತ್ತಿದೆ. ಆ ಬ್ಯಾಗಿನ ತೂಕದ ಬಗ್ಗೆ ಬರೆಯಬೇಕಾದ್ದು ಬೇಕಾದಷ್ಟಿದೆ, ಇನ್ನೊಂದು ಸಲ ಬರೆಯುತ್ತೇನೆ.